ಬಿಟ್ಟ ಮೀನುಮರಿಗಳು ಎಷ್ಟು ಉಳಿದವು?

ಉಡುಪಿ, ಮಂಗಳೂರಿನ ಕಡೆ ಹೊಳೆಗೆ ಮೀನುಮರಿ ಬಿಡುವ ಚಿತ್ರಗಳು ಊರಿನಿಂದ ಮೊಬೈಲಿಗೆ ಬಂದಾಗಲೆಲ್ಲ ನಾನು ಕೇಳುವುದು ಒಂದೇ: ಅವುಗಳಲ್ಲಿ ಎಷ್ಟು ಬದುಕಿದವು? ಎಷ್ಟು ಸಾವಿರ ಬಿಟ್ಟರು ಎಂಬ ಸಂಖ್ಯೆಯನ್ನು ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ಯಾರೂ ಹೇಳುವುದಿಲ್ಲ.

ನಾನೀಗ ಇರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಾಲ್ಮನ್ ಮೀನಿನ ಸೀಮೆಯಲ್ಲಿ. ಇಲ್ಲಿನ ಸಾಕಣೆ ಕೇಂದ್ರಗಳ ಚಿನೂಕ್, ಕೋಹೊ ಎಂಬ ಸಾಲ್ಮನ್ ಜಾತಿಗಳ ಮರಿಗಳಲ್ಲಿ ಬಹುಪಾಲಿಗೆ, ಗುರುತಿಗಾಗಿ, ಬಾಲದ ಸಮೀಪ ಬೆನ್ನಿನ ಮೇಲಿರುವ ಪುಟ್ಟ ಈಜುರೆಕ್ಕೆಯನ್ನು ಕತ್ತರಿಸಿಯೇ ನದಿಗೆ ಬಿಡುತ್ತಾರೆ. ಕೆಲವಕ್ಕೆ ಮೂತಿಯೊಳಗೆ ಸಂಕೇತವಿರುವ ತಂತಿಯ ಚೂರನ್ನೂ ಸೇರಿಸುತ್ತಾರೆ. ಅಂಥ ಮೀನು ವರ್ಷಗಳ ಬಳಿಕ ಬಲೆಗೆ ಬಿದ್ದರೂ ಯಾವ ಕೇಂದ್ರದ್ದೆಂದು ಆ ತಂತಿಯಿಂದ ತಿಳಿಯುತ್ತದೆ.

ಈ ಲೆಕ್ಕ ಏಕೆ ಬೇಕೆಂದರೆ, ತೊಟ್ಟಿಯಲ್ಲಿ ಬೆಳೆದ ಮರಿಗೆ ಹೊಳೆಯ ಬದುಕು ಗೊತ್ತಿರುವುದಿಲ್ಲ. ಮೇಲಿನಿಂದ ಎರಚುವ ಆಹಾರ ತಿಂದು ಬೆಳೆದ ಮರಿ, ನೀರಿನ ಮೇಲೆ ನೆರಳಾಡಿದರೆ ಅಡಗುವ ಬದಲು ಮೇಲಕ್ಕೇ ಬರುತ್ತದೆ. ಆ ನೆರಳು ನೀರುಕಾಗೆಯದಾಗಿದ್ದರೆ ಅಲ್ಲಿಗೆ ಮುಗಿಯಿತು. ಹೊಸತರಲ್ಲಿ ಹುಳಹುಪ್ಪಟೆ ಹುಡುಕಲು ತಿಳಿಯದೆ ಕಡ್ಡಿ, ಹರಳು ನುಂಗಿದ ಮರಿಗಳೂ ಅಧ್ಯಯನಕಾರರಿಗೆ ಸಿಕ್ಕಿವೆ. ಆದರೆ ಭಯವನ್ನು ಕಲಿಸಬಹುದು. ಗಾಯಗೊಂಡ ಮೀನಿನ ಚರ್ಮದಿಂದ ಹೊರಬೀಳುವ ವಸ್ತು ಜೊತೆಯ ಮೀನುಗಳನ್ನು ಬೆದರಿಸುತ್ತದೆ ಎಂಬುದನ್ನು ಪ್ರಾಣಿವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ 1938ರಲ್ಲೇ ವಿವರಿಸಿದ್ದರು. ಅದರೊಂದಿಗೆ ಬೇಟೆಯಾಡುವ ಮೀನಿನ ವಾಸನೆಯನ್ನೂ ತೊಟ್ಟಿಯ ನೀರಿಗೆ ಸೇರಿಸಿದರೆ ಸಾಲ್ಮನ್ ಮರಿಗಳು ಶತ್ರುವನ್ನು ಗುರುತಿಸಲು ಕಲಿಯುತ್ತವೆ. ಇದು ನನಗೆ ಬಹಳ ದೊಡ್ಡ ವಿಷಯವೆನಿಸುತ್ತದೆ.

ಇಲ್ಲಿನದೆಲ್ಲ ಸರಿಯೆಂದು ನಾನು ಹೇಳುತ್ತಿಲ್ಲ. ಪಕ್ಕದ ಒರೆಗಾನ್‌ನ ಹುಡ್ ನದಿಯ, ಸಾಲ್ಮನ್ ಬಳಗದ ಸ್ಟೀಲ್‌ಹೆಡ್ ಮೀನುಗಳ ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಾಕಣೆಯಲ್ಲಿ ಕಳೆದ ಪ್ರತಿ ತಲೆಮಾರಿಗೆ ನದಿಯಲ್ಲಿ ಸಂತಾನ ಬೆಳೆಸುವ ಸಾಮರ್ಥ್ಯ ಸುಮಾರು ಶೇ 40ರಷ್ಟು ಕುಗ್ಗುತ್ತದೆ. ಸಮುದ್ರದಿಂದ ನದಿಗೆ ಮರಳಿ ಬಂದ ಮೀನುಗಳ ವಂಶದ ದಾಖಲೆ ಇಟ್ಟಿದ್ದರಿಂದಲೇ ಈ ಸೋಲು ಬೆಳಕಿಗೆ ಬಂತು.

ನಮ್ಮಲ್ಲಿ ತಿಳಿದವರಿಗೆ ಕೊರತೆಯಿಲ್ಲ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ. ದಕ್ಷಿಣ ಕನ್ನಡದ ಶಿಶಿಲದಲ್ಲಿ ಪೆರುವೋಳು (ಮಹಸೀರ್) ಮೀನುಗಳನ್ನು ದೇವರ ಮೀನೆಂದು ಕಾಪಾಡಿಕೊಂಡು ಬಂದ ಜನರಿದ್ದಾರೆ. ಗಂಗೆಯ ಸೀಮೆಯ ಕಾಟ್ಲಾ, ರೋಹು ಸಾಕಣೆ ಕೆರೆಗಿರಲಿ; ಉಡುಪಿಯ ಸ್ವರ್ಣಾ ನದಿಗೆ ಸ್ವರ್ಣೆಯದೇ ತಾಯಿಮೀನಿನ ಮರಿ ಬೇಕು. ತಂದ ಕೂಡಲೇ ಸುರಿಯದೆ, ಕೆಲವು ದಿನ ಹೊಳೆಯಲ್ಲೇ ಬಲೆಯ ಆವರಣದಲ್ಲಿಟ್ಟು ಬಿಡಬೇಕು. ಒಂದು ಪಾಲಿಗಾದರೂ ಗುರುತು ಹಾಕಬೇಕು. ಮಳೆಗಾಲ ಕಳೆದ ಮೇಲೆ ಕಿಂಡಿ ಅಣೆಕಟ್ಟುಗಳ ಬಳಿ ಬಲೆ ಬೀಸುವವರನ್ನು, ಗಾಳ ಹಾಕುವವರನ್ನು ಹೋಗಿ ವಿಚಾರಿಸಬೇಕು. ಗುರುತಿನ ಮೀನು ಯಾರಿಗೂ ಸಿಗದಿದ್ದರೆ, ಮುಂದಿನ ವರ್ಷ ಮರಿ ಕೊಳ್ಳುವ ಹಣವನ್ನು ಹೊಳೆಯ ಮೀನುಗಳು ಮೊಟ್ಟೆಯಿಡುವ ಗುಂಡಿ, ಮರಳುಗಳನ್ನು ಉಳಿಸಲು ಖರ್ಚು ಮಾಡಬೇಕು.