2.8 ಅನ್ನೋದು ನಮ್ಮಮ್ಮನಿಗೆ ನಾರ್ಮಲ್

ಕಳೆದ ವರ್ಷ ಅಮ್ಮನ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ತೋರಿಸುವ ಟೆಸ್ಟ್) ರಿಪೋರ್ಟ್ ವಾಟ್ಸಾಪ್‌ನಲ್ಲಿ ಬಂದಾಗ ನಾನು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. 2.8 ಅಂತ ದಪ್ಪ ಅಕ್ಷರ, ಪಕ್ಕದಲ್ಲಿ ಮೇಲಕ್ಕೆ ಹೋಗುವ ಬಾಣ, ಅದರಾಚೆ ನಾರ್ಮಲ್ 0.8 ರಿಂದ 1.2. ಅದೇ ಪಿಡಿಎಫ್ ಮನೆಯ ಗ್ರೂಪ್‌ಗೂ ಹೋಗಿತ್ತು. ಚಿಕ್ಕಪ್ಪ ಫೋನ್ ಮಾಡಿ, "ಅತ್ತಿಗೆ, ರಕ್ತ ವಿಪರೀತ ತೆಳುವಾಗಿದೆ, ಆ ರಕ್ತ ತೆಳು ಮಾಡೋ ಮಾತ್ರೆ ನಾಲ್ಕು ದಿನ ಬಿಟ್ಟುಬಿಡಿ" ಅಂದರಂತೆ. ಅಮ್ಮ ಬಿಟ್ಟಳು. ನನಗೆ ಹೇಳಲಿಲ್ಲ.

ಐದನೇ ದಿನ ಗೊತ್ತಾಗಿ ಓಡಿಹೋಗಿ ಮತ್ತೆ ಟೆಸ್ಟ್ ಮಾಡಿಸಿದೆವು. 1.3. ಅಮ್ಮನ ಎದೆಯೊಳಗೆ ಇರುವುದು ಲೋಹದ ಮೈಟ್ರಲ್ ವಾಲ್ವ್, ಅಂದರೆ ಹೃದಯದ ಎಡಭಾಗದ ಒಂದು ಕವಾಟ. ಇಷ್ಟು ಕಡಿಮೆ ನಂಬರಿನಲ್ಲಿ ಅದರ ಮೇಲೆ ಹೆಪ್ಪು ಕಟ್ಟಬಹುದು, ಅದು ಮೆದುಳಿಗೆ ಹೋದರೆ ಸ್ಟ್ರೋಕ್. ಐಎನ್‌ಆರ್ ಮತ್ತೆ ಏರುವವರೆಗೂ ಹೆಪ್ಪು ಕಟ್ಟದ ಹಾಗೆ ಹೊಟ್ಟೆಗೆ ದಿನಕ್ಕೆ ಎರಡು ಇಂಜೆಕ್ಷನ್. ಅವಳ ಹೊಟ್ಟೆಯ ಮೇಲಿನ ನೀಲಿ ಕಲೆಗಳು ಇನ್ನೂ ಕಣ್ಣ ಮುಂದೆ ಇವೆ.

ಚಿಕ್ಕಪ್ಪನ ಮೇಲೆ ನನಗೆ ಕೋಪ ಇಲ್ಲ. ಅವರು ಕಾಗದದಲ್ಲಿ ಇದ್ದದ್ದನ್ನೇ ಓದಿದರು. ಆ 0.8 ರಿಂದ 1.2 ಅನ್ನೋದು ಈ ಮಾತ್ರೆ ತಗೊಳ್ಳದವರ ಲೆಕ್ಕ. ಆಸಿಟ್ರೋಮ್, ವಾರ್ಫರಿನ್ ತಗೊಳ್ಳೋದೇ ಆ ನಂಬರ್ ಏರಲಿ ಅಂತ ಅಲ್ವಾ? ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದವರಿಗೆ ಸಾಮಾನ್ಯವಾಗಿ 2 ರಿಂದ 3 ರೊಳಗೆ ಇರಬೇಕು ಅಂತಾರೆ. ಮೈಟ್ರಲ್ ಜಾಗದಲ್ಲಿ ಲೋಹದ ವಾಲ್ವ್ ಇದ್ದರೆ 2.5 ರಿಂದ 3.5. ಅಂದರೆ ಬಾಣ ಹಾಕಿದ್ದ ಆ 2.8 ಅಮ್ಮನಿಗೆ ಇರಬೇಕಾದಷ್ಟೇ ಇತ್ತು.

"ರಕ್ತ ತೆಳು ಮಾಡೋ ಮಾತ್ರೆ" ಅನ್ನೋ ಮಾತಿನಿಂದಲೂ ಜಾಸ್ತಿ ಗೊಂದಲ. ರಕ್ತ ನೀರಿನ ಹಾಗೆ ಆಗೋದಿಲ್ಲ. ವಿಟಮಿನ್ ಕೆ ಬಳಸಿಕೊಂಡು ಲಿವರ್ ತಯಾರಿಸುವ ಹೆಪ್ಪುಗಟ್ಟಿಸುವ ಅಂಶಗಳನ್ನು ಈ ಮಾತ್ರೆ ಕಡಿಮೆ ಮಾಡುತ್ತದೆ, ಹಾಗಾಗಿ ಹೆಪ್ಪುಗಟ್ಟಲು ಹೆಚ್ಚು ಹೊತ್ತು ಬೇಕು. ಆ ಹೊತ್ತನ್ನು ಸೆಕೆಂಡಿನಲ್ಲಿ ಅಳೆಯೋದೇ ಪ್ರೊಥ್ರಾಂಬಿನ್ ಟೈಮ್, ಪಿಟಿ. ಮಾತ್ರೆ ಇಲ್ಲದವರಿಗೆ ಸುಮಾರು 11 ರಿಂದ 13 ಸೆಕೆಂಡ್. ಆದರೆ ಲ್ಯಾಬ್‌ನಿಂದ ಲ್ಯಾಬ್‌ಗೆ ರಾಸಾಯನಿಕ ಬೇರೆ, ಸೆಕೆಂಡೂ ಬೇರೆ ಬರುತ್ತದೆ. ಅದಕ್ಕೇ 1980ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಿಟಿಯನ್ನು ಎಲ್ಲ ಲ್ಯಾಬ್‌ಗೂ ಒಂದೇ ಅಳತೆಗೆ ತರುವ ಐಎನ್‌ಆರ್ ಲೆಕ್ಕ ತಂದಿತು, ಜಯನಗರದಲ್ಲಿ ಮಾಡಿಸಿದ್ದನ್ನೂ ಯಲಹಂಕದಲ್ಲಿ ಮಾಡಿಸಿದ್ದನ್ನೂ ಹೋಲಿಸಿ ನೋಡೋಕೆ ಆಗೋದು ಅದರಿಂದಲೇ. ಹಾಗಾಗಿ ಈ ಮಾತ್ರೆಯವರು ಸೆಕೆಂಡ್ ನೋಡಿ ಗಾಬರಿಯಾಗಬೇಡಿ, ಐಎನ್‌ಆರ್ ನೋಡಿ. ಹೆಪ್ಪುಗಟ್ಟೋದನ್ನೇ ನೋಡುವ ಎಪಿಟಿಟಿ ಬೇರೆ ಟೆಸ್ಟ್, ಬಿಟಿ-ಸಿಟಿ (ರಕ್ತ ಸೋರೋ ಸಮಯ, ಹೆಪ್ಪುಗಟ್ಟೋ ಸಮಯ) ಬೇರೆ. ಅವನ್ನು ನೋಡಿ ಈ ಮಾತ್ರೆಯ ಡೋಸ್ ಹೇಳೋಕೆ ಆಗಲ್ಲ.

ರಕ್ತ ತೆಗೆಯುವಾಗಲೂ ಒಂದು ಕಣ್ಣಿಡಿ. ತಿಳಿನೀಲಿ ಮುಚ್ಚಳದ ಟ್ಯೂಬ್, ತಳದಲ್ಲಿ ಹೆಪ್ಪುಗಟ್ಟದ ಹಾಗೆ ಸಿಟ್ರೇಟ್ ದ್ರಾವಣ ಇರುತ್ತದೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಅದು. ಗೆರೆಯವರೆಗೆ ರಕ್ತ ತುಂಬದಿದ್ದರೆ ರಿಸಲ್ಟ್ ಇರೋದಕ್ಕಿಂತ ಜಾಸ್ತಿ ತೋರಿಸಬಹುದು. ಒಮ್ಮೆ ಅಮ್ಮನ ನರ ಸಿಗದೆ ಅರ್ಧ ಟ್ಯೂಬ್‌ಗೇ ಮುಗಿಸಲು ಹೊರಟಿದ್ದರು. ಕೇಳಿದ್ದಕ್ಕೆ ಇನ್ನೊಂದು ಕೈಯಲ್ಲಿ ತೆಗೆದರು, ಬೇಸರವೇನೂ ಮಾಡಿಕೊಳ್ಳಲಿಲ್ಲ.

ಊಟದ ವಿಷಯಕ್ಕೆ ಬಂದರೆ, ಸೊಪ್ಪು ಮುಟ್ಟಲೇಬಾರದು ಅಂತ ಹೆದರಿಸೋರು ಜಾಸ್ತಿ. ಅಮ್ಮ ಎರಡು ವರ್ಷ ಬಸ್ಸಾರು ತಿನ್ನದೆ ಇದ್ದಳು ಪಾಪ. ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ ನಿಜ, ಆದರೆ ಒಂದು ವಾರ ಏನೂ ಇಲ್ಲ, ಇನ್ನೊಂದು ವಾರ ದಿನಾ ಪಾಲಕ್ ಅನ್ನೋ ಏರುಪೇರೇ ತೊಂದರೆ. ದಿನವೂ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ತಿನ್ನಿ ಅಂತ ಡಾಕ್ಟರೇ ಹೇಳಿದರು. ಅದಕ್ಕಿಂತ ಭಯ ಪಡಬೇಕಾದ್ದು ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಗೊಳ್ಳೋ ನೋವಿನ ಮಾತ್ರೆ, ಆ್ಯಂಟಿಬಯಾಟಿಕ್‌ಗೆ. ಭೇದಿಗೆ ಕೊಡುವ ಮೆಟ್ರೋನಿಡಜೋಲ್ ಐಎನ್‌ಆರ್ ಅನ್ನು ಸಿಕ್ಕಾಪಟ್ಟೆ ಏರಿಸಬಲ್ಲದು, ಆಗ ರಕ್ತಸ್ರಾವದ ಭಯ. ಮೂತ್ರದಲ್ಲಿ ರಕ್ತ, ಕಪ್ಪು ಮಲ, ತಲೆಗೆ ಪೆಟ್ಟು, ಇವುಗಳಲ್ಲಿ ಏನೇ ಆದರೂ ರಿಪೋರ್ಟ್‌ಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಲ್ಯಾಬ್‌ನವರಿಗೆ ನನ್ನದು ಒಂದೇ ಮನವಿ. ಐಎನ್‌ಆರ್ ರಿಪೋರ್ಟ್‌ನಲ್ಲಿ ಆ ಬಾಣದ ಕೆಳಗೆ ಒಂದು ಸಾಲು ಕನ್ನಡದಲ್ಲಿ ಹಾಕಿ: "ಈ ಮಾತ್ರೆ ತಗೊಳ್ಳುವವರ ಗುರಿ ಬೇರೆ, ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ." ನಮ್ಮ ಏರಿಯಾದ ಲ್ಯಾಬ್‌ನಲ್ಲಿ ಕೇಳಿದೆ, ಸಾಫ್ಟ್‌ವೇರ್‌ನಲ್ಲಿ ಆಗಲ್ಲ ಅಂದರು. ಮತ್ತೆ ಕೇಳುತ್ತೇನೆ.

ಅಲ್ಲಿಯವರೆಗೆ ಅಮ್ಮನ ಹತ್ತಿರ ಒಂದು ಚಿಕ್ಕ ನೋಟ್‌ಬುಕ್ ಇದೆ. ಮೊದಲ ಪುಟದಲ್ಲಿ ಡಾಕ್ಟರ್ ಕೈಯಲ್ಲೇ ಬರೆಸಿದ 2.5–3.5, ಒಳಗೆ ತಾರೀಕು, ನಂಬರ್, ಡೋಸ್. ಮೊನ್ನೆ ಚಿಕ್ಕಪ್ಪ ಬಂದಾಗ ಅವಳೇ ತೆಗೆದು ತೋರಿಸಿದಳು.