ಮಳೆ ಬರುತ್ತೆ ಸರಿ, ಎಷ್ಟು ಗ್ಯಾರಂಟಿ?

ಅಕ್ಟೋಬರ್ ಬಂತು ಅಂದರೆ ಅಮೆರಿಕದ ಡೆನ್ವರ್‌ನ ನಮ್ಮ ಮನೆಯಲ್ಲಿ ಕರಿಬೇವಿನ ಕುಂಡದ್ದೇ ಮಾತು. ಇವತ್ತೇ ಒಳಗೆ ತರಬೇಕಾ, ಇನ್ನೂ ನಾಲ್ಕು ದಿನ ಬಿಸಿಲಿಗೆ ಬಿಡಬಹುದಾ? ನೀರು ಹೆಪ್ಪುಗಟ್ಟುವಂಥ ಚಳಿ ಇಲ್ಲಿ ಮೊದಲ ಸಲ ಬೀಳುವುದು ಸರಾಸರಿ ಅಕ್ಟೋಬರ್ 7ರ ಆಸುಪಾಸು. ಅಂಥ ಒಂದೇ ರಾತ್ರಿ ಸಾಕು, ಎಲೆಗಳೆಲ್ಲ ಕಪ್ಪಾಗಿ ಜೋತುಬೀಳುತ್ತವೆ. ಅಂಗಳದ ಹುಲ್ಲಿಗೆ ನೀರು ಬಿಡುವ ಪೈಪುಗಳನ್ನೂ ಅಷ್ಟರೊಳಗೆ ಗಾಳಿ ಊದಿಸಿ ಖಾಲಿ ಮಾಡಿಸಬೇಕು. ಒಳಗೆ ಉಳಿದ ನೀರು ಗಟ್ಟಿಯಾದರೆ ಪೈಪು ಸೀಳಿಬಿಡುತ್ತದೆ.

2020ರ ಸೆಪ್ಟೆಂಬರನ್ನು ಈ ಊರಿನವರು ಮರೆತಿಲ್ಲ. 5ನೇ ತಾರೀಕು 38 ಡಿಗ್ರಿ ಸೆಲ್ಸಿಯಸ್ ಬಿಸಿಲು. 7ಕ್ಕೆ 34. 8ಕ್ಕೆ ಹಿಮ! ಆದರೆ ಹೀಗಾಗುತ್ತೆ ಅಂತ ಹವಾಮಾನ ಇಲಾಖೆಯವರು ಕೆಲವು ದಿನ ಮುಂಚೆಯೇ ಹೇಳಿದ್ದರು. ನಾವು ಬೆವರು ಒರೆಸಿಕೊಳ್ಳುತ್ತಲೇ ಟೊಮೆಟೊ ಗಿಡಗಳಿಗೆ ಹಳೇ ಬೆಡ್‌ಶೀಟು ಹೊದಿಸಿದೆವು.

ಇಲ್ಲಿನ ಸರ್ಕಾರಿ ಹವಾಮಾನ ಇಲಾಖೆ ನ್ಯಾಷನಲ್ ವೆದರ್ ಸರ್ವೀಸ್‌ಗೆ 122 ಮುನ್ಸೂಚನಾ ಕಚೇರಿಗಳಿವೆ. ನಮ್ಮ ಭಾಗದ್ದು ಪಕ್ಕದ ಬೋಲ್ಡರ್‌ನಲ್ಲಿದೆ. ಮೋಡದ ಚಿತ್ರ, ಡಿಗ್ರಿ ಕೊಟ್ಟು ಸುಮ್ಮನಾಗುವವರಲ್ಲ ಅವರು. ದಿನವೂ ಒಂದು ಟಿಪ್ಪಣಿ ಬರೆಯುತ್ತಾರೆ. ಕೆನಡಾ ಕಡೆಯಿಂದ ತಣ್ಣನೆ ಗಾಳಿ ಇಳಿಯುತ್ತಿದೆ, ಹವಾಮಾನ ಲೆಕ್ಕ ಹಾಕುವ ಒಂದು ಕಂಪ್ಯೂಟರ್ ಮಾಡೆಲ್ ಬೇಗ ಬರುತ್ತೆ ಅನ್ನುತ್ತಿದೆ, ಇನ್ನೊಂದು ತಡ ಅನ್ನುತ್ತಿದೆ, ಹಾಗಾಗಿ ಗುರುವಾರದ ಬಗ್ಗೆ ನಮಗೆ ಅಷ್ಟು ಭರವಸೆ ಇಲ್ಲ, ಹೀಗೆ. ಸರ್ಕಾರಿ ಕಚೇರಿಯೊಂದು ‘ನಮಗೆ ಅಷ್ಟು ಭರವಸೆ ಇಲ್ಲ’ ಅಂತ ಬರೆದು ಹಾಕಿದ್ದನ್ನು ಓದಿದ ದಿನವೇ ನನಗೆ ಅವರ ಮೇಲೆ ನಂಬಿಕೆ ಬಂತು.

ಮುಂದಿನ 6ರಿಂದ 10 ದಿನ, 8ರಿಂದ 14 ದಿನಕ್ಕೆ ಅಂತ ದೇಶದ ನಕ್ಷೆಯೂ ದಿನಾ ಬರುತ್ತದೆ. ಅದರಲ್ಲಿ ಕಿತ್ತಳೆ ಬಣ್ಣ ಇದ್ದ ಕಡೆ ಸೆಕೆ ಅಂತ ಅರ್ಥ ಅಲ್ಲ. ಈ ಕಾಲದ ವಾಡಿಕೆಗಿಂತ ಬೆಚ್ಚಗಿರುವ ಸಾಧ್ಯತೆ ಜಾಸ್ತಿ ಅಂತ ಅಷ್ಟೇ. ಅದೂ ನೂರಕ್ಕೆ 40, 60 ಅಂತ ಬಿಡಿಸಿ ತೋರಿಸಿರುತ್ತಾರೆ. ಮೊಂಟಾನಾದಲ್ಲಿ ಹಿಮ, ಫ್ಲಾರಿಡಾದಲ್ಲಿ ಚಂಡಮಾರುತ, ಕ್ಯಾಲಿಫೋರ್ನಿಯಾದಲ್ಲಿ ಒಣಗಾಳಿಗೆ ಕಾಡ್ಗಿಚ್ಚಿನ ಭಯ, ಎಲ್ಲ ಒಂದೇ ವಾರದಲ್ಲಿ ಬರಬಹುದಾದ ದೇಶ ಇದು.

ಆ 14 ದಿನದ ನಕ್ಷೆ ನೋಡಿದಾಗಲೆಲ್ಲ ನಮ್ಮ ಮಳೆ ನಕ್ಷತ್ರಗಳು ನೆನಪಾಗುತ್ತವೆ. ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಒಂದೊಂದಕ್ಕೂ 13-14 ದಿನ ಅಲ್ವಾ? ಅಜ್ಜ ಹಸ್ತದ ಮಳೆ ಹದ ನೋಡಿಕೊಂಡೇ ಹಿಂಗಾರಿ ಜೋಳಕ್ಕೆ ಕೂರಿಗೆ ಹೂಡುತ್ತಿದ್ದ.

ನಮ್ಮೂರು ದಾವಣಗೆರೆ ಹತ್ತಿರ. ಅಣ್ಣ ಈ ಹೊತ್ತಿಗೆ ಮೆಕ್ಕೆಜೋಳ ಮುರಿಸಿ, ಕಾಳು ಬಿಡಿಸಿ ಒಣಹಾಕಿರುತ್ತಾನೆ. ಹೋದ ವರ್ಷ ಫೋನ್ ಮಾಡಿದಾಗ ಟಾರ್ಪಾಲು ಎಳೆಯುತ್ತಲೇ ಮಾತಾಡಿದ. “ಟಿವಿಯಾಗೆ ಕೆಲವು ಕಡೆ ಮಳೆ ಅಂತಾರಪ್ಪ. ಆ ಕೆಲವು ಕಡೆಯೊಳಗೆ ನಮ್ಮ ಕಣ ಐತೋ ಇಲ್ಲೋ, ಯಾರನ್ನ ಕೇಳಾನ?” ಮೂರು ದಿನ ಮುಚ್ಚಿಟ್ಟ. ಮಳೆ ಬರಲಿಲ್ಲ. ಒಳಗೆ ಕಾವು ಕೂತು ಅಡಿಯ ಕಾಳಿಗೆ ಬೂಷ್ಟು ಹಿಡಿಯಿತು. ಗಾಬರಿಯಾಗಿ ತೆಗೆದು ಹರಡಿದ. ಅವತ್ತು ಸಂಜೆಯೇ ಸುರಿಯಿತು.

ಆ ‘ಕೆಲವು ಕಡೆ’ಗೂ ಒಂದು ಲೆಕ್ಕ ಇದೆ. ಭಾರತದ ಹವಾಮಾನ ಇಲಾಖೆಯ ಭಾಷೆಯಲ್ಲಿ ‘ಒಂದೆರಡು ಕಡೆ’ ಅಂದರೆ ಆ ಭಾಗದ ಮಳೆ ಅಳೆಯುವ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗಿನ ಕಡೆ ಮಳೆ, ‘ಕೆಲವು ಕಡೆ’ ಅಂದರೆ 26ರಿಂದ 50. ಎಷ್ಟು ಒಳ್ಳೆಯ ಮಾಹಿತಿ! ಆದರೆ ಟಿವಿಗೆ ಬರುವಷ್ಟರಲ್ಲಿ ಅಂಕಿ ಉದುರಿ ಹೋಗಿ, ಬರೀ ಮಾತು ಉಳಿಯುತ್ತದೆ.

ಎರಡೂ ಕಡೆಯ ಕೆಲಸ ಒಂದೇ ಅಂತ ನಾನು ಹೇಳುತ್ತಿಲ್ಲ. ಇಲ್ಲಿನ ಚಳಿಗಾಳಿ ಸಾವಿರಾರು ಕಿಲೋಮೀಟರ್ ಉದ್ದಕ್ಕೆ ಗೋಡೆಯ ಹಾಗೆ ಬರುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಬಂಗಾಳಕೊಲ್ಲಿಯ ವಾಯುಭಾರ ಕುಸಿತವೂ ಮುಂಚೆಯೇ ಕಾಣಿಸುತ್ತದೆ. ಆದರೆ ನಮ್ಮ ಹಿಂಗಾರಿನ ಗುಡುಗು ಮಳೆ ಮಧ್ಯಾಹ್ನ ಕಟ್ಟಿಕೊಂಡು, ಸಂಜೆ ಒಂದು ಹೋಬಳಿಗೆ ಸುರಿದು, ಪಕ್ಕದ ಹೋಬಳಿಗೆ ಒಂದು ಹನಿಯೂ ಹಾಕದೆ ಹೋಗಿಬಿಡುತ್ತದೆ. ಅದನ್ನು ಮೂರು ದಿನ ಮುಂಚೆ ಊರಿನ ಹೆಸರು ಹಿಡಿದು ಹೇಳಿ ಅನ್ನುವುದು ಅನ್ಯಾಯ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳಿವೆ, ರೈತರು ಫೋನ್ ಮಾಡಿ ಕೇಳಲಿಕ್ಕೆ ‘ವರುಣ ಮಿತ್ರ’ ಸಹಾಯವಾಣಿ ಇದೆ. ಇದು ದೊಡ್ಡ ಕೆಲಸ. ಅಣ್ಣನಿಗೆ ಅದರ ವಿಷಯ ಹೇಳಿದ್ದು ನಾನೇ.

ನನಗೆ ಬೇಕಿರುವುದು ಇನ್ನೊಂದೇ ಸಾಲು. “ನಾಳೆ ಮಧ್ಯಾಹ್ನದ ಮೇಲೆ ಮಳೆಯ ಸಾಧ್ಯತೆ ನೂರಕ್ಕೆ 30, ನಾಡಿದ್ದು 70. ನಾಡಿದ್ದಿನದು ಇನ್ನೂ ಪಕ್ಕಾ ಇಲ್ಲ, ನಾಳೆ ಬೆಳಗ್ಗೆ ಮತ್ತೆ ಹೇಳುತ್ತೇವೆ.” ಇದೆಲ್ಲ ರೈತರಿಗೆ ಎಲ್ಲಿ ಅರ್ಥವಾಗುತ್ತೆ ಅನ್ನುವವರಿದ್ದಾರೆ. 30 ಅಂದರೆ ಅಣ್ಣ ಧೈರ್ಯವಾಗಿ ಕಾಳು ಹರಡುತ್ತಾನೆ, ಟಾರ್ಪಾಲು ಮಡಚಿ ಪಕ್ಕದಲ್ಲಿಟ್ಟುಕೊಳ್ಳುತ್ತಾನೆ. 70 ಅಂದರೆ ಹಿಂದಿನ ದಿನವೇ ನಾಲ್ಕು ಆಳು ಕರೆದು ಚೀಲಕ್ಕೆ ತುಂಬಿಸುತ್ತಾನೆ.