ಭಾಗಾಕಾರ ಬಲ್ಲವರ ನಡುವೆ ರಾಜ್ಯಶಾಸ್ತ್ರ

ನಿನ್ನೆ ಸಂಜೆ ಇಲ್ಲಿ ಅಮೆರಿಕದಲ್ಲಿನ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆ. ಅವರ ಮಗಳು ಮುಂದಿನ ವರ್ಷ ಕಾಲೇಜು ಸೇರುವವಳು, ರಾಜ್ಯಶಾಸ್ತ್ರ ಓದುತ್ತೇನೆ ಎಂದಳು. ತಂದೆಯವರು ತಕ್ಷಣ ಲ್ಯಾಪ್‌ಟಾಪ್ ತೆರೆದು, ಅಮೆರಿಕದ ಶಿಕ್ಷಣ ಇಲಾಖೆಯ ಕಾಲೇಜ್ ಸ್ಕೋರ್‌ಕಾರ್ಡ್ ಎಂಬ ಜಾಲತಾಣದಲ್ಲಿ ಆ ಪದವೀಧರರ ಗಳಿಕೆಯನ್ನು ಹುಡುಕಿ, ಅದನ್ನು ಅವರ ಸಾಲದಿಂದ ಭಾಗಿಸಿ, ಬಂದ ಉತ್ತರವನ್ನು ಕಂಪ್ಯೂಟರ್ ಸೈನ್ಸಿನ ಉತ್ತರದ ಪಕ್ಕದಲ್ಲಿಟ್ಟು ತೋರಿಸಿದರು. ಬಳಿಕ, ಸಾಲ ಮಾಡಿ ರಾಜ್ಯಶಾಸ್ತ್ರವನ್ನೇ ಓದಿದ ನನ್ನ ಕಡೆ ತಿರುಗಿ, ‘ನೀವೇ ಹೇಳಿ, ಅನುಭವಿಸಿದವರು ನೀವು’ ಎಂದರು. ನಾನು ಏನೂ ಹೇಳಲಿಲ್ಲ. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಭಾಗಾಕಾರದಲ್ಲಿ ಮೇಲಿರುವುದು ಗಳಿಕೆ, ಕೆಳಗಿರುವುದು ಸಾಲ. ಗಳಿಕೆಗೂ ಓದಿದ ವಿಷಯಕ್ಕೂ ಸಂಬಂಧವಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಾಲಕ್ಕೂ ವಿಷಯಕ್ಕೂ ಏನು ಸಂಬಂಧ? ಸಾಲ ಹುಟ್ಟುವುದು ಕಾಲೇಜು ಕೇಳುವ ಶುಲ್ಕದಿಂದ, ಊಟ ವಸತಿಯ ವೆಚ್ಚದಿಂದ, ಸಿಗದೆ ಹೋದ ವಿದ್ಯಾರ್ಥಿವೇತನದಿಂದ ಮತ್ತು ಹೆತ್ತವರ ಕೈಯಲ್ಲಿ ಇಲ್ಲದ ಹಣದಿಂದ. ಸ್ವಂತ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಮನೆಯಿಂದಲೇ ಓಡಾಡಿ ಓದಿದವನಿಗೂ, ದೂರದ ದುಬಾರಿ ಖಾಸಗಿ ಕಾಲೇಜಿನಲ್ಲಿ ಓದಿದವನಿಗೂ ಸಿಗುವುದು ಅದೇ ರಾಜ್ಯಶಾಸ್ತ್ರದ ಪದವಿ. ಕೆಳಗಿನ ಸಂಖ್ಯೆ ಮಾತ್ರ ಮೂರು ಪಟ್ಟು, ನಾಲ್ಕು ಪಟ್ಟು ಬೇರೆಯಾಗಬಹುದು. ಬೆಲೆ ಕಟ್ಟಿದ್ದು ಕಾಲೇಜು, ಬೈಗುಳ ತಿನ್ನುವುದು ವಿಷಯ.

ಆ ಕೆಳಗಿನ ಸಂಖ್ಯೆಯಾದರೂ ಪೂರ್ತಿಯೇ? ಅದೂ ಅಲ್ಲ. ಹೆತ್ತವರನ್ನು ಅವಲಂಬಿಸಿದ ಪದವಿ ವಿದ್ಯಾರ್ಥಿಯೊಬ್ಬ ತನ್ನ ಹೆಸರಿನಲ್ಲಿ ಪಡೆಯಬಹುದಾದ ಫೆಡರಲ್ ಸಾಲಕ್ಕೆ, ಅಂದರೆ ಅಮೆರಿಕದ ಕೇಂದ್ರ ಸರ್ಕಾರ ಕೊಡುವ ಸಾಲಕ್ಕೆ, ಮಿತಿಯಿದೆ: ಮೊದಲ ವರ್ಷ 5,500 ಡಾಲರ್, ಎರಡನೆಯ ವರ್ಷ 6,500, ಆಮೇಲೆ ವರ್ಷಕ್ಕೆ 7,500. ನಾಲ್ಕು ವರ್ಷಕ್ಕೆ 27,000 ಆಯಿತು. ಅದಕ್ಕೂ ಮೀರಿದ ವೆಚ್ಚವನ್ನು ಹೆತ್ತವರ ಹೆಸರಿನ ಪೇರೆಂಟ್ ಪ್ಲಸ್ ಸಾಲವೋ ಬ್ಯಾಂಕಿನ ಖಾಸಗಿ ಸಾಲವೋ ತುಂಬಬೇಕು. ಸ್ಕೋರ್‌ಕಾರ್ಡ್ ತೋರಿಸುವ ವಿದ್ಯಾರ್ಥಿಯ ಸಾಲದಲ್ಲಿ ಇವೆರಡೂ ಸೇರಿಲ್ಲ. ಗಳಿಕೆಯ ಅಂಕಿಯೂ ಫೆಡರಲ್ ನೆರವು ಪಡೆದವರದ್ದು ಮಾತ್ರ. ಅಳೆಯುವ ವರ್ಷದಲ್ಲಿ ಕಾನೂನು ಶಾಲೆಯಲ್ಲೋ ಸ್ನಾತಕೋತ್ತರ ತರಗತಿಯಲ್ಲೋ ಓದುತ್ತಿರುವವರು ಅದರಲ್ಲಿ ಲೆಕ್ಕಕ್ಕೇ ಇಲ್ಲ, ಮತ್ತು ರಾಜ್ಯಶಾಸ್ತ್ರದವರಲ್ಲಿ ಅನೇಕರು ಹೋಗುವುದು ಅಲ್ಲಿಗೇ. ಹೀಗೆ ಮೇಲೆ ಅರೆಬರೆ, ಕೆಳಗೆ ಅರೆಬರೆ ಇರುವ ಎರಡು ಸಂಖ್ಯೆಗಳನ್ನು ಭಾಗಿಸಿ ದಶಮಾಂಶದವರೆಗೆ ಉತ್ತರ ಬರೆಯುವವರ ಧೈರ್ಯವನ್ನು ಮೆಚ್ಚಬೇಕು.

ಗಳಿಕೆ ಕಡಿಮೆ ಎಂಬ ಮಾತಿನಲ್ಲಿ ಹುರುಳಿಲ್ಲವೇ? ಇದೆ. ರಾಜ್ಯಶಾಸ್ತ್ರ ಓದಿದವರು ಕನಸು ಕಾಣುವ ಕಚೇರಿಗಳನ್ನೇ ನೋಡಿ. ಅಮೆರಿಕದ ಪ್ರತಿನಿಧಿ ಸಭೆ ತನ್ನ ಸಿಬ್ಬಂದಿಗೆ ಕನಿಷ್ಠ ವೇತನವಾಗಿ ವರ್ಷಕ್ಕೆ 45,000 ಡಾಲರ್ ನಿಗದಿ ಮಾಡಿದ್ದೇ 2022ರಲ್ಲಿ. ಶ್ವೇತಭವನ ತನ್ನ ಇಂಟರ್ನ್‌ಗಳಿಗೆ ಸಂಬಳ ಕೊಡತೊಡಗಿದ್ದೂ ಅದೇ ವರ್ಷ. ಅಲ್ಲಿಯವರೆಗೆ ಪ್ರಜಾಪ್ರಭುತ್ವದ ಸೇವೆ ಉಳ್ಳವರ ಮಕ್ಕಳ ಹವ್ಯಾಸವಾಗಿತ್ತು. ಆ 27,000 ಡಾಲರನ್ನು ಶೇಕಡಾ 6.5ರ ಬಡ್ಡಿಯಲ್ಲಿ ಹತ್ತು ವರ್ಷ ತೀರಿಸಿದರೆ ತಿಂಗಳಿಗೆ ಸುಮಾರು 307 ಡಾಲರ್ ಕಂತು, ಅಂದರೆ 45,000 ಸಂಬಳದಲ್ಲಿ ತೆರಿಗೆಗೆ ಮುನ್ನವೇ ನೂರಕ್ಕೆ ಎಂಟು. ಕಷ್ಟವಿದೆ, ಆದರೆ ಮುಳುಗಿಹೋಗುವಷ್ಟಿಲ್ಲ. ಮುಳುಗಿಸುವುದು ಅದರ ಮೇಲೆ ಹೇರಿದ ಖಾಸಗಿ ಸಾಲ. ‘ರಾಜಕೀಯ ವಿಜ್ಞಾನಿ’ ಎಂಬ ಹುದ್ದೆಯ ಆರಂಕಿ ಸಂಬಳವನ್ನು ತೋರಿಸಿ ನನ್ನ ಪರ ವಾದಿಸುವವರಿಗೂ ಒಂದು ಮಾತು: ಅದಕ್ಕೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಬೇಕು, ಇಡೀ ದೇಶದಲ್ಲಿ ಅಂಥ ಹುದ್ದೆಗಳು ಹತ್ತು ಸಾವಿರವೂ ಇಲ್ಲ. ದಯವಿಟ್ಟು ಸಹಾಯ ಮಾಡಬೇಡಿ.

2025ರ ಜುಲೈಯಲ್ಲಿ ಸಹಿಯಾದ ಹೊಸ ಕಾನೂನು ಕೂಡ ಇದೇ ಜಾಡು ಹಿಡಿದಿದೆ. ಒಂದು ಕೋರ್ಸಿನ ಪದವೀಧರರ ಗಳಿಕೆಯ ಮಧ್ಯಾಂಕ (ಮೀಡಿಯನ್) ಬರೀ ಹೈಸ್ಕೂಲು ಮುಗಿಸಿದವರದ್ದಕ್ಕಿಂತ ಕಡಿಮೆಯಾಗಿ, ಮೂರು ವರ್ಷಗಳಲ್ಲಿ ಎರಡು ಬಾರಿ ಹಾಗಾದರೆ, ಆ ಕೋರ್ಸಿಗೆ ಫೆಡರಲ್ ಸಾಲ ನಿಲ್ಲುತ್ತದೆ. ಆ ಪರೀಕ್ಷೆ ಗಳಿಕೆಯನ್ನು ಮಾತ್ರ ನೋಡುತ್ತದೆ. ಕಾಲೇಜು ಎಷ್ಟು ವಸೂಲು ಮಾಡಿತು, ವಿದ್ಯಾರ್ಥಿ ಎಷ್ಟು ಸಾಲ ಹೊತ್ತ ಎಂದು ಕೇಳುವುದೇ ಇಲ್ಲ. ನಮ್ಮ ಸ್ನೇಹಿತರು ಭಾಗಾಕಾರವನ್ನಾದರೂ ಮಾಡಿದ್ದರು.

‘ಹೊಟ್ಟೆ ತುಂಬಿದವರ ಮಾತಿದು, ಬಡವರ ಮಕ್ಕಳು ಅಂಕಿ ನೋಡದೆ ಇರಲಾಗುತ್ತದೆಯೇ?’ ಎಂದು ಕೆಲವರು ಕೇಳುತ್ತೀರಿ ಎಂದು ಬಲ್ಲೆ. ನೋಡಲೇಬೇಕು, ಅವರೇ ಎಲ್ಲರಿಗಿಂತ ಮೊದಲು ನೋಡಬೇಕು. ಆದರೆ ಅವರಿಗೆ ತೋರಿಸಬೇಕಾದ ಅಂಕಿ ಪ್ರತಿ ಕಾಲೇಜಿನ ನಿವ್ವಳ ವೆಚ್ಚ, ಅಂದರೆ ವಿದ್ಯಾರ್ಥಿವೇತನ ಕಳೆದು ಉಳಿಯುವ ಖರ್ಚು. 2011ರಿಂದ ಅದನ್ನು ಅಂದಾಜು ಮಾಡುವ ಸಾಧನವನ್ನು ಕಾಲೇಜುಗಳು ತಮ್ಮ ಜಾಲತಾಣದಲ್ಲಿ ಇಡಲೇಬೇಕೆಂಬ ನಿಯಮವಿದೆ. ಅದನ್ನು ಬಿಟ್ಟು ವಿಷಯವನ್ನು ಬದಲಿಸು ಎನ್ನುವುದು, ಬಾಡಿಗೆ ಜಾಸ್ತಿಯಾಯಿತೆಂದು ಕೆಲಸ ಬಿಡಿಸಿದ ಹಾಗೆ.

ಈಗ ನಿನ್ನೆ ಬಾಯಿ ಬಿಡದ ಕಾರಣ. ನಾನು ಸಾಲ ತೀರಿಸಲು ಪಟ್ಟ ಪಾಡು ನಿಮಗೆಲ್ಲ ಗೊತ್ತು, ಅದಕ್ಕೆ ರಾಜ್ಯಶಾಸ್ತ್ರವನ್ನು ಶಪಿಸಿ ನಾನು ಬರೆದ ಹಳೆಯ ಪೋಸ್ಟುಗಳನ್ನೂ ಓದಿದ್ದೀರಿ. ಬರೆಯದೆ ಉಳಿಸಿಕೊಂಡದ್ದೆಂದರೆ, ನಮ್ಮ ರಾಜ್ಯದ ವಿಶ್ವವಿದ್ಯಾಲಯದಲ್ಲೂ ನನಗೆ ಸೀಟು ಸಿಕ್ಕಿತ್ತು, ಮತ್ತು ಅಲ್ಲಿ ಫೆಡರಲ್ ಸಾಲವೊಂದರಲ್ಲೇ ಎಲ್ಲ ಮುಗಿಯುತ್ತಿತ್ತು. ಹೆಸರಿಗಾಗಿ, ಹೌದು, ಅಂಗಿಯ ಮೇಲೆ ಬರೆಸಿಕೊಳ್ಳಬಹುದಾದ ಒಂದು ಹೆಸರಿಗಾಗಿ, ಖಾಸಗಿ ಕಾಲೇಜನ್ನು ಆರಿಸಿಕೊಂಡು ಇನ್ನೂ 38,000 ಡಾಲರ್ ಖಾಸಗಿ ಸಾಲ ಮಾಡಿದೆ. ಜಾಮೀನಿಗೆ ಅಪ್ಪ ಸಹಿ ಹಾಕಿದರು. ಸಾರ್ವಜನಿಕ ಸೇವೆಯಲ್ಲಿ 120 ಕಂತು ಕಟ್ಟಿದವರ ಉಳಿದ ಸಾಲವನ್ನು ಮನ್ನಾ ಮಾಡುವ 2007ರ ಯೋಜನೆ ಫೆಡರಲ್ ಸಾಲಕ್ಕೆ ಮಾತ್ರ ಅನ್ವಯಿಸುತ್ತದೆ ಎಂಬುದು, ಸ್ಥಳೀಯ ಸರ್ಕಾರದ ಕಚೇರಿಗೆ ಸೇರಿದ ಮೇಲೆ ನನಗೆ ತಿಳಿಯಿತು.

ರಾತ್ರಿ ಹನ್ನೊಂದರ ಹೊತ್ತಿಗೆ ಆ ಹುಡುಗಿಯ ಸಂದೇಶ ಬಂದಿತ್ತು. ಎರಡು ಕಾಲೇಜುಗಳ ನಿವ್ವಳ ವೆಚ್ಚವನ್ನು ತಾನೇ ಲೆಕ್ಕ ಹಾಕಿ, ಅದೇ ರಾಜ್ಯಶಾಸ್ತ್ರಕ್ಕೆ ವರ್ಷಕ್ಕೆ ಇಷ್ಟೊಂದು ವ್ಯತ್ಯಾಸವೇಕೆ, ನೀವು ಓದಿದ್ದು ಎಲ್ಲಿ ಎಂದು ಕೇಳಿದ್ದಾಳೆ. ಇನ್ನೂ ಉತ್ತರಿಸಿಲ್ಲ, ಈ ಪೋಸ್ಟಿನ ಕೊಂಡಿಯನ್ನೇ ಕಳಿಸಬೇಕೆಂದಿದ್ದೇನೆ.